ಮಕ್ಕಳ ಕೈಗೆ ಕೆಲಸ ಕೊಡುವ ಋತು: ಕೊಚ್ಚಿ, ತಿರುವನಂತಪುರಗಳ ಶರತ್ಕಾಲ

ಯೂರೋಪು, ಉತ್ತರ ಅಮೆರಿಕಗಳಂಥ ತಂಪು ನಾಡುಗಳಲ್ಲಿ ಶರತ್ಕಾಲವೆಂದರೆ ಮರದ ಎಲೆಗಳು ಬಣ್ಣ ತಿರುಗಿ ಉದುರುವ, ಸೇಬಿನ ತೋಟಗಳಿಗೆ ಮಕ್ಕಳನ್ನು ಕರೆದೊಯ್ಯುವ ಕಾಲ. ಕೇರಳದ ಕರಾವಳಿಯಲ್ಲಿ ಎಲೆ ಉದುರುವುದಿಲ್ಲ. ಅಲ್ಲಿ ಈ ಋತುವಿನ ಗುರುತು ಎರಡು ಮಳೆಗಳ ನಡುವಿನ ಬಿಸಿಲು. ಜೂನ್‌ನಲ್ಲಿ ಇಳಿದ ನೈಋತ್ಯ ಮಾರುತ ಆಗಸ್ಟ್ ಹೊತ್ತಿಗೆ ಸಡಿಲಗೊಂಡು, ಅಕ್ಟೋಬರ್‌ನಲ್ಲಿ ಈಶಾನ್ಯ ಮಾರುತದ ಗುಡುಗು ಮಳೆ, ಅಂದರೆ ಮಲಯಾಳಿಗಳು ತುಲಾವರ್ಷ ಎಂದು ಕರೆಯುವ ಮಳೆ, ಆರಂಭವಾಗುವವರೆಗೆ ಅಂಗಳಗಳು ಒಣಗುತ್ತವೆ, ಬೇಲಿಗಳಲ್ಲಿ ಹೂ ಬಿಡುತ್ತದೆ, ಕೆರೆ ಕಾಲುವೆಗಳು ತುಂಬಿ ನಿಂತಿರುತ್ತವೆ. ಚಾಂದ್ರಮಾನದ ಲೆಕ್ಕದಲ್ಲಿ ಶರದೃತು ಆಶ್ವಯುಜ, ಕಾರ್ತಿಕ ಮಾಸಗಳಿಗೆ ಸೇರಿದ್ದಾದರೂ, ಸೌರಮಾನವನ್ನು ಅನುಸರಿಸುವ ಕೇರಳದಲ್ಲಿ ಚಿಂಗಂ, ಕನ್ನಿ, ತುಲಾಂ ಎಂಬ ಮೂರು ತಿಂಗಳುಗಳು, ಅಂದರೆ ಕಾಸರಗೋಡಿನ ತುಳುವರು ಸೋಣ, ನಿರ್ನಾಲ, ಬೊಂತೆಲ್ ಎಂದು ಹೇಳುವ ಆಗಸ್ಟ್ ನಡುವಿನಿಂದ ನವೆಂಬರ್ ನಡುವಿನವರೆಗಿನ ಅವಧಿ, ಮಕ್ಕಳಿರುವ ಮನೆಗಳಿಗೆ ಒಂದೇ ದೀರ್ಘ ಹಬ್ಬದ ಕಾಲವಾಗಿ ಒದಗುತ್ತದೆ.

ಕೊಚ್ಚಿಯ ಕಲೂರ್‌ನಂಥ ಬಡಾವಣೆಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ, ಹಾಗೆಯೇ ತಿರುವನಂತಪುರದಲ್ಲಿರುವವರಿಗೆ, ಈ ಅವಧಿ ಇನ್ನೊಂದು ಕಾರಣಕ್ಕೂ ಸಮೃದ್ಧವಾಗಿದೆ: ನೆರೆಹೊರೆಯ ಓಣಂ, ಊರಿನ ನವರಾತ್ರಿ ಗೊಂಬೆ, ಕೇರಳದ ವಿದ್ಯಾರಂಭ, ತುಳುನಾಡಿನ ಬಲೀಂದ್ರ ಪೂಜೆ ಇವೆಲ್ಲ ಒಂದರ ಬೆನ್ನಿಗೆ ಒಂದು ಬರುತ್ತವೆ. ಇವುಗಳಲ್ಲಿ ಸಾಮಾನ್ಯವಾಗಿರುವ ಅಂಶವೊಂದಿದ್ದು, ಮಕ್ಕಳೊಂದಿಗೆ ಬಿಡುವಿನ ವೇಳೆಯನ್ನು ಹೇಗೆ ಕಳೆಯಬೇಕೆಂದು ಯೋಚಿಸುವ ತಂದೆತಾಯಿಗಳು ಅದನ್ನು ಗಮನಿಸುವುದು ಒಳ್ಳೆಯದು. ಈ ಆಚರಣೆಗಳಲ್ಲಿ ಮಗು ದೂರ ನಿಂತು ನೋಡುವ ಪ್ರೇಕ್ಷಕನಾಗಿರದೆ, ಹೂ ಆಯುವ, ಮಣ್ಣು ಕಲಸುವ, ಗೊಂಬೆ ಜೋಡಿಸುವ, ಅಕ್ಷರ ಬರೆಯುವ, ಗೂಡುದೀಪ ಕಟ್ಟುವ ಕೆಲಸಗಾರನಾಗಿರುತ್ತದೆ. ಹಬ್ಬದ ಸಂತೋಷದ ಬಹುಪಾಲು ಆ ಕೆಲಸದಲ್ಲೇ ಅಡಗಿದೆ.

ಹತ್ತು ದಿನದ ಹೂವಿನ ಅಂಗಳ

ಕೇರಳದ ಶಾಲೆಗಳಲ್ಲಿ ಮೊದಲ ಅವಧಿಯ ಪರೀಕ್ಷೆ ಮುಗಿದೊಡನೆ ಓಣಂ ರಜೆ ಆರಂಭವಾಗುತ್ತದೆ. ಕರ್ನಾಟಕದ ಮಕ್ಕಳಿಗೆ ದಸರಾ ರಜೆ ದೊಡ್ಡದು, ಕೇರಳದ ಮಕ್ಕಳಿಗೆ ಓಣಂ ರಜೆ ದೊಡ್ಡದು. ಆದ್ದರಿಂದ ಮೈಸೂರು ಮಂಗಳೂರುಗಳ ಅಜ್ಜಿಮನೆಗೆ ಹೋಗುವ ದಿನಗಳು ಹೊಂದಿಕೆಯಾಗುವುದು ಕಷ್ಟವಾದರೂ, ಇದ್ದ ಊರಿನಲ್ಲೇ ಹಬ್ಬವನ್ನು ಆರಂಭದಿಂದ ಅನುಭವಿಸುವ ಅವಕಾಶ ಇಲ್ಲಿನ ಕನ್ನಡ ಮಕ್ಕಳಿಗೆ ಸಿಗುತ್ತದೆ. ಓಣಂ ಹಬ್ಬದ ದಿನಗಳನ್ನು ನಕ್ಷತ್ರಗಳಿಂದ ಎಣಿಸಲಾಗುತ್ತದೆ. ಚಿಂಗಂ ತಿಂಗಳ ಅತ್ತಂ, ಅಂದರೆ ಹಸ್ತಾ ನಕ್ಷತ್ರದ ದಿನ ಆರಂಭಿಸಿ, ಚಿತ್ತಾ, ಸ್ವಾತಿ, ವಿಶಾಖಾ ಎಂದು ಸಾಗಿ, ತಿರುವೋಣಂ ಎಂಬ ಶ್ರವಣ ನಕ್ಷತ್ರದ ದಿನಕ್ಕೆ ಹಬ್ಬ ಪೂರ್ಣವಾಗುತ್ತದೆ. ವಾಮನನಿಂದ ಪಾತಾಳಕ್ಕೆ ಕಳುಹಿಸಲ್ಪಟ್ಟ ಮಹಾಬಲಿ ಚಕ್ರವರ್ತಿ ವರ್ಷಕ್ಕೊಮ್ಮೆ ತನ್ನ ಪ್ರಜೆಗಳನ್ನು ನೋಡಲು ಬರುವನೆಂಬುದು ನಂಬಿಕೆ. ಅವನನ್ನು ಸ್ವಾಗತಿಸಲು ಮನೆಯ ಮುಂದೆ ಹತ್ತು ದಿನವೂ ಬಿಡಿಸುವ ಹೂವಿನ ರಂಗವಲ್ಲಿಗೆ ಪೂಕ್ಕಳಂ ಎಂದು ಹೆಸರು.

ಪೂಕ್ಕಳಂ ಒಂದೇ ದಿನ ಬಿಡಿಸಿ ಮುಗಿಸುವ ಚಿತ್ರವಲ್ಲ. ಸಂಪ್ರದಾಯದಂತೆ ಹಸ್ತಾ ದಿನ ತುಂಬೆ ಹೂವಿನಂಥ ಸರಳ ಹೂಗಳಿಂದ ಒಂದೇ ಸುತ್ತು ಬಿಡಿಸಿ, ಪ್ರತಿದಿನ ಒಂದೊಂದು ಸುತ್ತು ಸೇರಿಸುತ್ತ ಹೋಗುತ್ತಾರೆ. ಕೆಂಪು ದಾಸವಾಳಕ್ಕೆ ಮೂರನೆಯ ದಿನವಾದ ಸ್ವಾತಿಯಿಂದ ಪ್ರವೇಶ, ಮೂಲಾ ನಕ್ಷತ್ರದ ದಿನ ರಂಗವಲ್ಲಿ ಚೌಕಾಕಾರ. ಇಂಥ ಸಣ್ಣ ಸಣ್ಣ ನಿಯಮಗಳೇ ಮಕ್ಕಳಿಗೆ ಆಟದ ರುಚಿ ಹತ್ತಿಸುತ್ತವೆ, ಏಕೆಂದರೆ ನಾಳೆ ಏನು ಬದಲಾಗುತ್ತದೆ ಎಂಬ ಕಾತರವನ್ನು ಅವು ಹತ್ತು ದಿನವೂ ಉಳಿಸಿಡುತ್ತವೆ. ಹಿಂದೆ ಮಕ್ಕಳು ಓಲೆಯಿಂದ ಹೆಣೆದ ಪುಟ್ಟ ಬುಟ್ಟಿಗಳನ್ನು ಕೊರಳಿಗೆ ಹಾಕಿಕೊಂಡು ಬೆಳಗಿನ ಜಾವವೇ ಗುಡ್ಡ, ಗದ್ದೆಬದುಗಳಿಗೆ ಹೋಗಿ ತುಂಬೆ, ಕೇಪಳ, ಶಂಖಪುಷ್ಪ, ನಂದಿಬಟ್ಟಲು ಆಯ್ದು ತರುತ್ತಿದ್ದರು. ಇಂದು ಕಲೂರಿನ ಅಪಾರ್ಟ್‌ಮೆಂಟಿನಲ್ಲಿ ಗದ್ದೆಬದು ಇಲ್ಲವಾದರೂ, ಕಾಂಪೌಂಡಿನ ಬೇಲಿ, ಖಾಲಿ ನಿವೇಶನ, ಪರಿಚಯದವರ ಹಿತ್ತಿಲು ಇವೆಲ್ಲ ಸೇರಿದರೆ ಮೊದಲ ಮೂರು ನಾಲ್ಕು ದಿನಕ್ಕೆ ಸಾಕಾಗುವಷ್ಟು ಹೂ ದೊರೆಯುತ್ತದೆ. ಅನಂತರದ ದೊಡ್ಡ ಸುತ್ತುಗಳಿಗೆ ಮಾತ್ರ ಮಾರುಕಟ್ಟೆಯ ಚೆಂಡುಹೂ, ಸೇವಂತಿಗೆ ಬೇಕಾಗುತ್ತವೆ.

ಆ ಚೆಂಡುಹೂವಿನ ಗಣನೀಯ ಭಾಗ ಕನ್ನಡ ನೆಲದಿಂದಲೇ ಬರುತ್ತದೆ ಎಂಬುದನ್ನು ಮಕ್ಕಳಿಗೆ ಹೇಳಬೇಕು. ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆಯ ಹೊಲಗಳು ಓಣಂಗೆ ಮುಂಚಿನ ವಾರಗಳಲ್ಲಿ ಚೆಂಡುಹೂ, ಸೂರ್ಯಕಾಂತಿಗಳಿಂದ ತುಂಬಿರುತ್ತವೆ. ಅಲ್ಲಿ ಬೆಳೆದ ಚೆಂಡುಹೂವಿನ ಒಂದು ಪಾಲು ಬಣ್ಣ ತೆಗೆಯುವ ಕಾರ್ಖಾನೆಗಳಿಗೂ, ಇನ್ನೊಂದು ಪಾಲು ಲಾರಿಗಳಲ್ಲಿ ವಯನಾಡಿನ ಘಟ್ಟ ಇಳಿದು ಕೇರಳದ ಮಾರುಕಟ್ಟೆಗಳಿಗೂ ಹೋಗುತ್ತದೆ. ಆ ದಿನಗಳಲ್ಲಿ ಮೈಸೂರಿನಿಂದ ರಸ್ತೆಯ ಮೂಲಕ ಕೇರಳಕ್ಕೆ ಬರುವ ಕುಟುಂಬಗಳು ಹೊಲದ ಅಂಚಿನಲ್ಲಿ ಇಳಿದು, ರೈತರ ಒಪ್ಪಿಗೆ ಪಡೆದು, ಮಕ್ಕಳಿಗೆ ಹೂ ಕೊಯ್ಯುವ ಕೆಲಸವನ್ನು ತೋರಿಸಬಹುದು. ಆದರೆ ಮುಂದಿನ ಬಂಡೀಪುರ ಅರಣ್ಯದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ನಿರ್ಬಂಧವಿರುವುದನ್ನು ಲೆಕ್ಕಕ್ಕಿಟ್ಟುಕೊಂಡು ಹೊರಡಬೇಕು.

ಪೂಕ್ಕಳಂ ಬಿಡಿಸುವ ಕ್ರಮದಲ್ಲಿ ರೇಖಾಗಣಿತದ ಒಂದು ಪಾಠವೂ ಇದೆ. ನೆಲದ ನಡುವೆ ಸೀಮೆಸುಣ್ಣದ ಚುಕ್ಕೆಯಿಟ್ಟು, ದಾರದ ಒಂದು ತುದಿಯನ್ನು ಹಿರಿಯರೊಬ್ಬರು ಅಲ್ಲಿ ಒತ್ತಿ ಹಿಡಿದರೆ, ಇನ್ನೊಂದು ತುದಿಗೆ ಕಟ್ಟಿದ ಸೀಮೆಸುಣ್ಣವನ್ನು ಮಗು ಬಿಗಿಯಾಗಿ ಎಳೆದುಕೊಂಡು ಒಂದು ಸುತ್ತು ಬಂದಾಗ ವೃತ್ತ ಮೂಡುತ್ತದೆ. ದಾರದ ಉದ್ದವನ್ನು ಬದಲಿಸದೆ, ಅದೇ ಅಳತೆಯಲ್ಲಿ ವೃತ್ತದ ಅಂಚಿನ ಮೇಲೆ ಒಂದರ ಮುಂದೊಂದು ಗುರುತು ಹಾಕುತ್ತ ಹೋದರೆ ಸರಿಯಾಗಿ ಆರನೆಯ ಅಳತೆಗೆ ಮೊದಲ ಗುರುತು ಮತ್ತೆ ಸಿಗುತ್ತದೆ. ಪ್ರತಿಯೊಂದು ಗುರುತಿನ ಮೇಲೂ ದಾರವನ್ನು ಊರಿ ವೃತ್ತದೊಳಗೆ ಕಮಾನು ಎಳೆದರೆ ಆರು ಎಸಳಿನ ಹೂವು ಸಿದ್ಧ. ಎಸಳುಗಳ ಒಳಗೆ ಬಿಡಿಸಿದ ಹೂದಳಗಳನ್ನು ಹೊರ ಅಂಚಿನಿಂದ ಒಳಕ್ಕೆ ತುಂಬುತ್ತ ಬಂದರೆ ಗೆರೆ ಕೆಡುವುದಿಲ್ಲ. ಮೂರು ವರ್ಷದ ಮಗು ಚೆಂಡುಹೂವಿನ ದಳ ಬಿಡಿಸಿ ಬಣ್ಣಬಣ್ಣದ ರಾಶಿ ಮಾಡಬಲ್ಲುದು, ಐದಾರು ವರ್ಷದ್ದು ದಳ ತುಂಬಬಲ್ಲುದು, ಹತ್ತು ವರ್ಷದ್ದು ವಿನ್ಯಾಸವನ್ನೇ ಯೋಚಿಸಬಲ್ಲುದು. ಹೀಗೆ ಎಲ್ಲ ವಯಸ್ಸಿನವರಿಗೂ ಒಂದೇ ಅಂಗಳದಲ್ಲಿ ಪಾಲು ದೊರೆಯುತ್ತದೆ.

ಹೂವಿನ ನಡುವೆ ಇಡುವ ಓಣತ್ತಪ್ಪನ್, ಅಥವಾ ತೃಕ್ಕಾಕ್ಕರಯಪ್ಪನ್, ಮಣ್ಣಿನಲ್ಲಿ ಕೈಯಾಡಿಸಲು ಬಯಸುವ ಮಕ್ಕಳಿಗೆ ಹೇಳಿ ಮಾಡಿಸಿದ ಕೆಲಸ. ಇದು ನಾಲ್ಕು ಮುಖಗಳುಳ್ಳ, ಮೇಲೆ ಮೊನಚಾಗುತ್ತ ಹೋಗುವ ಗೋಪುರಾಕಾರದ ಮಣ್ಣಿನ ಮೂರ್ತಿ. ಕಣ್ಣು ಮೂಗು ತಿದ್ದುವ ಗೋಜಿಲ್ಲದ್ದರಿಂದ ಎಳೆಯ ಕೈಗಳಿಗೂ ಸುಲಭವಾಗಿ ಒಗ್ಗುತ್ತದೆ. ಜೇಡಿಮಣ್ಣನ್ನು ಹದವಾಗಿ ಕಲಸಿ, ಹಲಗೆಯಿಂದ ತಟ್ಟಿ ನಾಲ್ಕು ಮಗ್ಗುಲು ಮಾಡಿ, ಹಸಿಯಿರುವಾಗಲೇ ಕಡ್ಡಿಯಿಂದ ಹೂ ಸಿಕ್ಕಿಸುವ ತೂತುಗಳನ್ನು ಮಾಡಿ, ನೆರಳಲ್ಲಿ ಒಣಗಿಸಿ, ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ನೀರಿನಿಂದ ಬೆರಳಲ್ಲೇ ಗೆರೆ ಎಳೆಯುತ್ತಾರೆ. ಮೂರ್ತಿಗೆ ಹೆಸರು ಕೊಟ್ಟಿರುವ ತೃಕ್ಕಾಕ್ಕರದ ವಾಮನಮೂರ್ತಿ ದೇವಾಲಯವು ಕಲೂರಿನಿಂದ ಹತ್ತು ಕಿಲೋಮೀಟರಿನೊಳಗೆ ಇದ್ದು, ಶ್ರೀವೈಷ್ಣವರ 108 ದಿವ್ಯದೇಶಗಳಲ್ಲಿ ಒಂದಾಗಿದೆ. ಓಣಂ ಇಲ್ಲಿಯ ಪ್ರಧಾನ ಉತ್ಸವ.

ಹಸ್ತಾ ದಿನದಂದೇ ತ್ರಿಪ್ಪೂಣಿತ್ತುರದಲ್ಲಿ ನಡೆಯುವ ಅತ್ತಚಮಯಂ ಮೆರವಣಿಗೆಯನ್ನು ಮಕ್ಕಳಿಗೆ ತೋರಿಸಲು ಈಗ ಹೆಚ್ಚು ಶ್ರಮವಿಲ್ಲ. 2024ರ ಮಾರ್ಚ್‌ನಲ್ಲಿ ಕೊಚ್ಚಿ ಮೆಟ್ರೊ ತ್ರಿಪ್ಪೂಣಿತ್ತುರ ಟರ್ಮಿನಲ್‌ವರೆಗೆ ವಿಸ್ತರಣೆಯಾದ ಮೇಲೆ ಕಲೂರ್ ನಿಲ್ದಾಣದಲ್ಲಿ ಹತ್ತಿದವರು ಗಾಡಿ ಬದಲಿಸದೆ ಅಲ್ಲಿ ಇಳಿಯಬಹುದು. ಹಿಂದೆ ಕೊಚ್ಚಿಯ ಮಹಾರಾಜರು ಸರ್ವಾಭರಣಭೂಷಿತರಾಗಿ ಪರಿವಾರದೊಡನೆ ಹೊರಡುತ್ತಿದ್ದ ಈ ಮೆರವಣಿಗೆ, ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳು 1949ರಲ್ಲಿ ಒಂದಾದಾಗ ನಿಂತುಹೋಗಿ, 1961ರಲ್ಲಿ ಜನರ ಹಬ್ಬವಾಗಿ ಮತ್ತೆ ಆರಂಭವಾಯಿತು. ತೆಯ್ಯಂ, ಕಥಕಳಿ, ಕುಮ್ಮಾಟಿ, ಹುಲಿವೇಷಗಳು, ಸ್ತಬ್ಧಚಿತ್ರಗಳು ಸಾಲಾಗಿ ಬರುವ ಈ ನೋಟದ ಹಿಂದೆ ಮಕ್ಕಳಿಗೆ ತಿಳಿಸಬೇಕಾದ ಒಂದು ಸಂಗತಿಯಿದೆ: ರಾಜರ ಕಾಲದ ಮೆರವಣಿಗೆಯಲ್ಲಿ ಕರಿಂಗಾಚ್ಚಿರದ ಕ್ರೈಸ್ತ ಪಾದ್ರಿ, ನೆಟ್ಟೂರಿನ ಮುಸ್ಲಿಂ ತಂಙಳ್ ಮತ್ತು ಚೆಂಬಿನ ಮೀನುಗಾರರ ಮುಖ್ಯಸ್ಥ ಈ ಮೂವರಿಗೂ ಗೌರವದ ಸ್ಥಾನ ಮೀಸಲಾಗಿತ್ತು.

ತಿರುವನಂತಪುರದಲ್ಲಿ ಇದೇ ದಿನಗಳಲ್ಲಿ ಕೇರಳ ಪ್ರವಾಸೋದ್ಯಮ ಇಲಾಖೆಯ ಓಣಂ ವಾರಾಚರಣೆ ಕನಕಕ್ಕುನ್ನ್ ಅರಮನೆಯ ಆವರಣವನ್ನು ಕೇಂದ್ರವಾಗಿಸಿಕೊಂಡು ನಡೆಯುತ್ತದೆ. ಸಂಜೆಯ ದೀಪಾಲಂಕಾರಕ್ಕೆ ಮಕ್ಕಳನ್ನು ಕರೆದೊಯ್ಯುವವರು, ಪಕ್ಕದಲ್ಲೇ ಇರುವ ವಸ್ತುಸಂಗ್ರಹಾಲಯದ ಆವರಣಕ್ಕೆ ಹಗಲಲ್ಲೇ ಬಂದರೆ, 1880ರಲ್ಲಿ ಪೂರ್ಣಗೊಂಡ ನೇಪಿಯರ್ ಮ್ಯೂಸಿಯಂ ಕಟ್ಟಡವನ್ನೂ ಮೃಗಾಲಯವನ್ನೂ ಒಂದೇ ಓಡಾಟದಲ್ಲಿ ಮುಗಿಸಬಹುದು. ಸೋಮವಾರ ಮಾತ್ರ ಇವು ಮುಚ್ಚಿರುತ್ತವೆ.

ಬೆಳಗಿನ ಬಿಸಿಲು, ಮಧ್ಯಾಹ್ನದ ಗುಡುಗು

ಅಕ್ಟೋಬರ್ ನಡುವಿನಿಂದ ದಿನದ ಸ್ವರೂಪವೇ ಬದಲಾಗುತ್ತದೆ. ಬೆಳಿಗ್ಗೆ ಸ್ವಚ್ಛ ಬಿಸಿಲಿದ್ದು, ಮಧ್ಯಾಹ್ನದ ಹೊತ್ತಿಗೆ ಪೂರ್ವದ ಬೆಟ್ಟಗಳ ಕಡೆಯಿಂದ ಮೋಡ ಕಟ್ಟಿ, ಸಂಜೆ ಸಿಡಿಲಿನೊಂದಿಗೆ ಮಳೆ ಸುರಿಯುವುದು ತುಲಾವರ್ಷದ ಲಕ್ಷಣ. ಈ ಅವಧಿಯಲ್ಲಿ ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ಮಕ್ಕಳನ್ನು ಬಯಲಿನಲ್ಲಿ, ತಾರಸಿಯ ಮೇಲೆ ಆಡಲು ಬಿಡಬಾರದೆಂದು ರಾಜ್ಯದ ವಿಪತ್ತು ನಿರ್ವಹಣಾ ಪ್ರಾಧಿಕಾರ ಎಚ್ಚರಿಸುವುದುಂಟು. ಆದ್ದರಿಂದ ಹೊರಗಿನ ಸುತ್ತಾಟವೆಲ್ಲ ಬೆಳಿಗ್ಗೆ, ಮನೆಯೊಳಗಿನ ಕೈಗೆಲಸಗಳೆಲ್ಲ ಸಂಜೆ ಎಂಬ ಕ್ರಮವನ್ನು ಇಟ್ಟುಕೊಳ್ಳುವುದು ಸುರಕ್ಷಿತ.

ಬೆಳಗಿನ ಸುತ್ತಾಟಕ್ಕೆ ಕೊಚ್ಚಿಯಲ್ಲಿ ಮೂರು ಜಾಗಗಳು ವಿಶೇಷವಾಗಿ ಒದಗುತ್ತವೆ. ಮೊದಲನೆಯದು ಜಲ ಮೆಟ್ರೊ: 2023ರ ಏಪ್ರಿಲ್ 25ರಂದು ಉದ್ಘಾಟನೆಯಾದ ಈ ವ್ಯವಸ್ಥೆಯಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ನಿರ್ಮಿಸಿದ, ಬ್ಯಾಟರಿಯಿಂದ ನಡೆಯುವ ದೋಣಿಗಳು ಹಿನ್ನೀರಿನ ದ್ವೀಪಗಳನ್ನು ನಗರಕ್ಕೆ ಜೋಡಿಸುತ್ತವೆ, ಹೈಕೋರ್ಟ್ ನಿಲ್ದಾಣದಿಂದ ವೈಪಿನ್‌ಗೆ ಹೋಗಿ ಬರುವುದು ಚಿಕ್ಕ ಮಕ್ಕಳಿಗೆ ದಣಿವಿಲ್ಲದ ಪ್ರಯಾಣ. ಎರಡನೆಯದು, ಅದೇ ಹೈಕೋರ್ಟ್ ಕಟ್ಟಡದ ಹಿಂದಿರುವ ಮಂಗಳವನಂ. ಮೂರು ಹೆಕ್ಟೇರಿಗೂ ಕಡಿಮೆ ವಿಸ್ತಾರದ ಈ ಕಾಂಡ್ಲಾ ಕಾಡನ್ನು, ಅಂದರೆ ಉಪ್ಪುನೀರಿನಲ್ಲಿ ಬೇರೂರಿ ನಿಲ್ಲುವ ಮರಗಳ ಕಾಡನ್ನು, 2004ರಲ್ಲಿ ಪಕ್ಷಿಧಾಮವೆಂದು ಘೋಷಿಸಲಾಯಿತು. ನೀರುಕಾಗೆ, ಬೆಳ್ಳಕ್ಕಿ, ಬಾವಲಿಗಳನ್ನು ಇಲ್ಲಿ ನಗರದ ನಡುವೆಯೇ ನೋಡಬಹುದು. ಒಂದು ಪುಸ್ತಕದಲ್ಲಿ ಹಕ್ಕಿಯ ಕೊಕ್ಕು, ಕಾಲು, ಬಣ್ಣ ಇವಿಷ್ಟನ್ನೇ ಬರೆದುಕೊಳ್ಳಲು ಮಗುವಿಗೆ ಹೇಳಿ, ಹೆಸರನ್ನು ಮನೆಗೆ ಬಂದ ಮೇಲೆ ಹುಡುಕಿದರೆ ನೋಟ ಹರಿತವಾಗುತ್ತದೆ.

ಮೂರನೆಯದು ಪೊಕ್ಕಾಳಿ ಗದ್ದೆಗಳು. ಪೊಕ್ಕಾಳಿ ಎಂಬುದು ಉಪ್ಪುನೀರನ್ನು ತಾಳಿಕೊಂಡು ಬೆಳೆಯುವ, ಆಳೆತ್ತರಕ್ಕೆ ಏಳುವ ಭತ್ತದ ತಳಿ. ಮಳೆಗಾಲದಲ್ಲಿ ಗದ್ದೆಯ ಉಪ್ಪು ತೊಳೆದುಹೋದಾಗ ಬಿತ್ತಿ, ಅಕ್ಟೋಬರ್ ಸುಮಾರಿಗೆ ನೀರಿಗಿಳಿದು ತೆನೆಗಳನ್ನಷ್ಟೇ ಕೊಯ್ದು, ಉಳಿದ ಹುಲ್ಲನ್ನು ಅಲ್ಲೇ ಕೊಳೆಯಲು ಬಿಟ್ಟು, ಅದೇ ಗದ್ದೆಗೆ ಸಮುದ್ರದ ನೀರು ಹರಿಸಿ ಸಿಗಡಿ ಬೆಳೆಸುತ್ತಾರೆ. ಕಡಮಕ್ಕುಡಿ, ಏಳಿಕ್ಕರ ಮುಂತಾದ ಕಡೆ ಕೊಯ್ಲಿನ ಕಾಲದಲ್ಲಿ ಬದುವಿನ ಮೇಲೆ ನಿಂತು ನೋಡಿದರೆ, ಒಂದೇ ಗದ್ದೆ ವರ್ಷದ ಒಂದರ್ಧ ಭತ್ತಕ್ಕೂ ಇನ್ನೊಂದರ್ಧ ಸಿಗಡಿಗೂ ಮನೆಯಾಗುವ ಬಗೆ ಪಠ್ಯಪುಸ್ತಕದ ನೆರವಿಲ್ಲದೆಯೇ ಮಕ್ಕಳಿಗೆ ಅರ್ಥವಾಗುತ್ತದೆ.

ಕಲೂರಿನ ಮಕ್ಕಳಿಗೆ ಶರತ್ಕಾಲದಲ್ಲಿ ಇನ್ನೊಂದು ಬಣ್ಣವೂ ಇದೆ, ಅದು ಹಳದಿ. 1996ರಲ್ಲಿ ಆರಂಭವಾದ ಇಲ್ಲಿನ ಜವಾಹರಲಾಲ್ ನೆಹರೂ ಕ್ರೀಡಾಂಗಣವು 2014ರಿಂದ ಕೇರಳ ಬ್ಲಾಸ್ಟರ್ಸ್ ಫುಟ್‌ಬಾಲ್ ತಂಡದ ತವರಾಗಿದ್ದು, ಇಂಡಿಯನ್ ಸೂಪರ್ ಲೀಗ್‌ನ ಹೆಚ್ಚಿನ ಆವೃತ್ತಿಗಳು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ತಿಂಗಳುಗಳಲ್ಲಿಯೇ ಶುರುವಾಗಿವೆ. ಪಂದ್ಯದ ಸಂಜೆ ಹಳದಿ ಅಂಗಿ ತೊಟ್ಟವರಿಂದ ಬೀದಿಗಳು ತುಂಬುವುದರಿಂದ, ಎಳೆಯ ಮಕ್ಕಳನ್ನು ಕರೆದೊಯ್ಯುವವರು ವಾಹನವನ್ನು ಮನೆಯಲ್ಲೇ ಬಿಟ್ಟು ಕ್ರೀಡಾಂಗಣದ ಹೆಸರಿನ ಮೆಟ್ರೊ ನಿಲ್ದಾಣದಲ್ಲಿ ಇಳಿಯುವುದು ಲೇಸು.

ಗೊಂಬೆ, ಮೆರವಣಿಗೆ, ಅಕ್ಕಿಯ ಮೇಲಿನ ಅಕ್ಷರ

ನವರಾತ್ರಿಯ ಗೊಂಬೆ ಕೂರಿಸುವ ಪದ್ಧತಿ ಹಳೆಯ ಮೈಸೂರಿನ ಮನೆಗಳಿಗೆ ಹೇಗೋ ಹಾಗೆ ತಿರುವನಂತಪುರದ ಕರಮನೆಯ ಅಗ್ರಹಾರದ ತಮಿಳು ಮನೆಗಳಿಗೂ ಆಪ್ತ. ಅಲ್ಲಿ ಅದನ್ನು ಬೊಮ್ಮಕ್ಕೊಲು ಎನ್ನುತ್ತಾರೆ. ಮೂರು, ಐದು, ಏಳು, ಒಂಬತ್ತು ಎಂಬ ಬೆಸ ಸಂಖ್ಯೆಯ ಮೆಟ್ಟಿಲುಗಳನ್ನು ಹಲಗೆ, ಪೆಟ್ಟಿಗೆ, ಪುಸ್ತಕದ ರಾಶಿಗಳಿಂದ ಕಟ್ಟಿ, ಬಿಳಿ ಬಟ್ಟೆ ಹಾಸಿ, ಮೇಲಿನ ಸಾಲಿನಲ್ಲಿ ಪಟ್ಟದ ಗೊಂಬೆಗಳನ್ನು, ಅಂದರೆ ಮದುವೆಯಲ್ಲಿ ತವರಿನಿಂದ ಬರುವ ರಾಜ ರಾಣಿಯರ ಜೋಡಿಯನ್ನು, ಕೂರಿಸುವುದು ಕನ್ನಡದ ಕ್ರಮ. ಮೇಲಿನ ಮೆಟ್ಟಿಲುಗಳಿಗೆ ನಿಯಮವಿದ್ದರೂ ಕೆಳಗಿನ ಮೆಟ್ಟಿಲು ಯಾವಾಗಲೂ ಮಕ್ಕಳದೇ. ಅರಗಿನ ಬಣ್ಣ ಮೆತ್ತಿದ ಚನ್ನಪಟ್ಟಣದ ಮರದ ಆಟಿಕೆಗಳ ಪಕ್ಕದಲ್ಲಿ ರಟ್ಟಿನ ಜಲ ಮೆಟ್ರೊ, ಬೆಂಕಿಪೊಟ್ಟಣದ ಮೆಟ್ರೊ ಬೋಗಿ, ತಟ್ಟೆಯಲ್ಲಿ ರಾಗಿ ಬಿತ್ತಿ ಮೊಳಕೆ ಬರಿಸಿದ ಹಸಿರು ಗದ್ದೆ ಇವುಗಳನ್ನಿಟ್ಟು ಕಲೂರನ್ನೇ ಗೊಂಬೆಯ ಊರಾಗಿಸಬಹುದು. ಒಂಬತ್ತು ದಿನಗಳಲ್ಲಿ ಮೊಳಕೆ ಎಷ್ಟು ಎತ್ತರವಾಯಿತೆಂದು ಅಳೆಯುವುದು ಮಗುವಿನ ದಿನದ ಕೆಲಸ. ಸಂಜೆ ಗೊಂಬೆ ನೋಡಲು ಬರುವ ನೆರೆಮನೆಯ ಮಕ್ಕಳಿಗೆ ಗೊಂಬೆ ಬಾಗಿನವೆಂದು ಚಕ್ಕುಲಿ, ಕೊಬ್ಬರಿ ಮಿಠಾಯಿಯನ್ನೋ ತಮಿಳರಂತೆ ಕಡಲೆ ಉಸಲಿಯನ್ನೋ ಹಂಚುವ ಹೊಣೆಯನ್ನು ಮನೆಯ ಮಕ್ಕಳಿಗೇ ವಹಿಸಿದರೆ ಅತಿಥಿಸತ್ಕಾರದ ಅಭ್ಯಾಸವೂ ಆಗುತ್ತದೆ.

ತಿರುವನಂತಪುರದ ನವರಾತ್ರಿಗೆ ದೂರದಿಂದ ದೇವತೆಗಳೇ ಅತಿಥಿಗಳಾಗಿ ಬರುತ್ತಾರೆ. ತಿರುವಾಂಕೂರಿನ ಹಳೆಯ ರಾಜಧಾನಿಯಾದ ಪದ್ಮನಾಭಪುರದ ಸರಸ್ವತಿ, ವೇಳಿಮಲೆಯ ಕುಮಾರಸ್ವಾಮಿ, ಶುಚೀಂದ್ರದ ಮುನ್ನೂಟ್ಟಿ ನಂಗ ಎಂಬ ದೇವಿ ಈ ಮೂರು ವಿಗ್ರಹಗಳನ್ನು ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರ ಮೆರವಣಿಗೆಯಲ್ಲಿ ತರಲಾಗುತ್ತದೆ. ಪದ್ಮನಾಭಪುರದ ಅರಮನೆಯಲ್ಲಿ ರಾಜಖಡ್ಗವನ್ನು ಹಸ್ತಾಂತರಿಸುವ ವಿಧಿಯ ನಂತರ ಹೊರಡುವ ಮೆರವಣಿಗೆಯು ಕುಳಿತ್ತುರ, ನೆಯ್ಯಾಟಿನ್‌ಕರಗಳಲ್ಲಿ ತಂಗಿ, ರಾಜ್ಯದ ಗಡಿಯಾದ ಕಳಿಯಿಕ್ಕಾವಿಳದಲ್ಲಿ ಸ್ವಾಗತ ಪಡೆದು ನಗರ ತಲುಪುತ್ತದೆ. ರಾಜ್ಯಗಳ ಮರುವಿಂಗಡಣೆಯಲ್ಲಿ ಪದ್ಮನಾಭಪುರ ತಮಿಳು ಭಾಗಕ್ಕೆ ಸೇರಿಹೋದರೂ ಈ ವಾರ್ಷಿಕ ಪ್ರಯಾಣ ಮುರಿಯದೆ ನಡೆದುಬಂದಿದೆ. ಸರಸ್ವತಿಯನ್ನು ಪ್ರತಿಷ್ಠಾಪಿಸುವ ಕೋಟೆಯೊಳಗಿನ ನವರಾತ್ರಿ ಮಂಟಪದಲ್ಲಿ ಒಂಬತ್ತು ಸಂಜೆಯೂ ಸಂಗೀತ ಕಛೇರಿಗಳು ನಡೆಯುತ್ತವೆ. ಪ್ರತಿ ಸಂಜೆಯ ಮುಖ್ಯ ಕೃತಿ ಸ್ವಾತಿ ತಿರುನಾಳ್ ಮಹಾರಾಜರು (1813–1846) ರಚಿಸಿದ ನವರಾತ್ರಿ ಕೃತಿಗಳಲ್ಲೊಂದು. ಕನ್ನಡದಲ್ಲಿಯೂ ಹಾಡುಗಳನ್ನು ರಚಿಸಿದ ಈ ದೊರೆ ಕಟ್ಟಿಸಿದ ಕುದಿರಮಾಳಿಗೆ ಅರಮನೆ ಅಲ್ಲೇ ಪಕ್ಕದಲ್ಲಿದ್ದು, ಅದರ ಚಾವಣಿಯ ಅಂಚಿನಲ್ಲಿ ಕೆತ್ತಿರುವ 122 ಮರದ ಕುದುರೆಗಳನ್ನು ಎಣಿಸುವುದು ಸಂಗೀತಕ್ಕೆ ಇನ್ನೂ ಕಿವಿ ಕೊಡಲಾರದ ವಯಸ್ಸಿನ ಮಕ್ಕಳಿಗೆ ಸೊಗಸಾದ ಕೆಲಸ.

ದುರ್ಗಾಷ್ಟಮಿಯ ಸಂಜೆ ಕೇರಳದಲ್ಲಿ ಪುಸ್ತಕಗಳನ್ನು ಪೂಜೆಗಿಡುತ್ತಾರೆ. ಮಹಾನವಮಿಯಂದು ಓದುವಂತಿಲ್ಲ, ಬರೆಯುವಂತಿಲ್ಲ ಎಂಬ ವಿಧಿ ಶಾಲಾಮಕ್ಕಳಿಗೆ ಎಷ್ಟು ಪ್ರಿಯವೆಂದು ಹೇಳಬೇಕಾಗಿಲ್ಲ. ವಿಜಯದಶಮಿಯ ಬೆಳಿಗ್ಗೆ ಪುಸ್ತಕಗಳನ್ನು ಮರಳಿ ಎತ್ತಿಕೊಂಡ ಮೇಲೆ ವಿದ್ಯಾರಂಭ ನಡೆಯುತ್ತದೆ. ಕನ್ನಡದ ಅಕ್ಷರಾಭ್ಯಾಸವನ್ನೇ ಹೋಲುವ ಈ ಸಂಸ್ಕಾರದಲ್ಲಿ ಗುರುವು ಎರಡು ಮೂರು ವರ್ಷದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಚಿನ್ನದ ಉಂಗುರದಿಂದ ನಾಲಿಗೆಯ ಮೇಲೆ ಅಕ್ಷರ ಬರೆದು, ಅನಂತರ ಅದರ ತೋರುಬೆರಳನ್ನು ಹಿಡಿದು ತಟ್ಟೆಯ ಅಕ್ಕಿಯ ಮೇಲೆ ಹರಿಶ್ರೀ ಬರೆಸುತ್ತಾರೆ. ದೇವಾಲಯಗಳಲ್ಲಷ್ಟೇ ನಡೆಯುತ್ತಿದ್ದ ಈ ಆಚರಣೆ ಈಗ ಗ್ರಂಥಾಲಯ, ಪತ್ರಿಕಾ ಕಚೇರಿ, ಕೆಲವು ಚರ್ಚುಗಳಲ್ಲೂ ನಡೆಯುವಷ್ಟು ವ್ಯಾಪಿಸಿದೆ. ಮನೆಯಲ್ಲೇ ಮಾಡಿಸುವ ಕನ್ನಡ ಕುಟುಂಬಗಳು ಒಂದೇ ತಟ್ಟೆಯಲ್ಲಿ ಮಲಯಾಳದ ಹರಿಶ್ರೀಯನ್ನೂ ಕನ್ನಡದ ಅಆಇಈಯನ್ನೂ ಬರೆಸಿದರೆ ಮಗು ಎರಡು ಲಿಪಿಗಳನ್ನು ಒಟ್ಟಿಗೆ ಕೈಗೆ ತಂದುಕೊಳ್ಳುತ್ತದೆ. ದೊಡ್ಡ ಮಕ್ಕಳೂ ಕುಳಿತು ಎರಡರ ಸುರುಳಿಗಳನ್ನು ಹೋಲಿಸಿ ನೋಡಬಹುದು.

ವಿದ್ಯಾರಂಭಕ್ಕೆ ಕೊಚ್ಚಿಯ ಸುತ್ತಲಿನವರು ಹೋಗುವ ಕ್ಷೇತ್ರಗಳಲ್ಲಿ ಉತ್ತರ ಪರವೂರಿನ ದಕ್ಷಿಣ ಮೂಕಾಂಬಿಕಾ ಮತ್ತು ಚೋಟಾನಿಕ್ಕರ ಮುಖ್ಯವಾದವು, ಎರಡಕ್ಕೂ ಉಡುಪಿ ಜಿಲ್ಲೆಯ ಕೊಲ್ಲೂರಿನ ನಂಟು ಇದೆ. ಮೊದಲನೆಯದರ ಹೆಸರೇ ಅದನ್ನು ಸಾರುತ್ತದೆ. ಚೋಟಾನಿಕ್ಕರದ ದೇವಿಯನ್ನು ಬೆಳಗಿನ ಹೊತ್ತು ಸರಸ್ವತಿಯಾಗಿ, ಶಂಕರಾಚಾರ್ಯರನ್ನು ಹಿಂಬಾಲಿಸಿ ಬಂದ ಮೂಕಾಂಬಿಕೆಯಾಗಿ ಆರಾಧಿಸುವುದು ರೂಢಿ. ವಿಜಯದಶಮಿಯಂದು ಕೊಲ್ಲೂರಿಗೆ ಬಂದು ಮಕ್ಕಳಿಗೆ ಅಕ್ಷರ ಬರೆಸುವ ಮಲಯಾಳಿ ಕುಟುಂಬಗಳ ಸಂಖ್ಯೆ ದೊಡ್ಡದು; ಅವರಲ್ಲಿ ಅನೇಕರು ಕೊಂಕಣ ರೈಲು ಮಾರ್ಗದ ಬೈಂದೂರಿನ ಮೂಕಾಂಬಿಕಾ ರೋಡ್ ನಿಲ್ದಾಣದಲ್ಲಿ ಇಳಿಯುತ್ತಾರೆ.

ಚೋಟಾನಿಕ್ಕರದ ಪವಿಳಮಲ್ಲಿ ಕಟ್ಟೆಗೆ ಹೆಸರು ಕೊಟ್ಟ ಮರ ಕನ್ನಡಿಗರ ಪಾರಿಜಾತ. ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಉದುರುವ ಈ ಹೂವಿನ ಬಿಳಿ ಎಸಳಿಗೂ ಕಿತ್ತಳೆ ತೊಟ್ಟಿಗೂ ಇರುವ ವ್ಯತ್ಯಾಸವನ್ನೇ ಒಂದು ಪ್ರಯೋಗವಾಗಿಸಬಹುದು. ಮಕ್ಕಳು ಆಯ್ದು ತಂದ ಹೂವಿನಿಂದ ತೊಟ್ಟುಗಳನ್ನು ಬೇರ್ಪಡಿಸಿ, ಒಂದು ಹಿಡಿ ತೊಟ್ಟನ್ನು ಬಿಸಿ ನೀರಿನಲ್ಲಿ ನೆನೆಸಿದರೆ ನೀರು ಕೇಸರಿ ಮಿಶ್ರಿತ ಹಳದಿಗೆ ತಿರುಗುತ್ತದೆ. ಒಗೆದ ಬಿಳಿ ಹತ್ತಿ ಕರವಸ್ತ್ರವನ್ನು ಅದರಲ್ಲಿ ಮುಳುಗಿಸಿ ನೆರಳಲ್ಲಿ ಒಣಗಿಸಿದರೆ ಬಣ್ಣ ಹಿಡಿಯುತ್ತದೆ. ಹಿಂದೆ ಬಟ್ಟೆಗೆ ಬಣ್ಣ ಕಟ್ಟಲು ಈ ತೊಟ್ಟುಗಳನ್ನು ಬಳಸುತ್ತಿದ್ದರು. ಬಿಸಿಲಿಗೆ ಆ ಬಣ್ಣ ಬೇಗ ಮಾಸುತ್ತದೆ ಎಂಬುದನ್ನು ಅರ್ಧ ಕರವಸ್ತ್ರವನ್ನು ಕಿಟಕಿಯಲ್ಲಿಟ್ಟು ಮಕ್ಕಳೇ ಕಂಡುಕೊಳ್ಳಬಹುದು.

ವಿಮಾನಗಳನ್ನು ನಿಲ್ಲಿಸುವ ಉತ್ಸವ

ತುಲಾ ಮಾಸದಲ್ಲಿ ತಿರುವನಂತಪುರದ ಪದ್ಮನಾಭಸ್ವಾಮಿ ದೇವಾಲಯದ ಅಲ್ಪಶಿ ಉತ್ಸವ ಹತ್ತು ದಿನ ನಡೆದು, ಆರಾಟ್ಟು, ಅಂದರೆ ದೇವರ ಅವಭೃಥ ಸ್ನಾನದೊಂದಿಗೆ ಮುಗಿಯುತ್ತದೆ. ಮೂರ್ತಿಗಳನ್ನು ಶಂಖುಮುಖದ ಕಡಲಿಗೆ ಕೊಂಡೊಯ್ಯುವ ದಾರಿ ವಿಮಾನ ನಿಲ್ದಾಣಕ್ಕಿಂತ ಹಳೆಯದು. 1932ರಲ್ಲಿ ಆರಂಭವಾದ ನಿಲ್ದಾಣದ ರನ್‌ವೇ ಆ ದಾರಿಯನ್ನು ಅಡ್ಡ ಹಾಯುತ್ತದೆ. ಹೀಗಾಗಿ ವರ್ಷಕ್ಕೆರಡು ಸಲ, ಅಲ್ಪಶಿಯಲ್ಲೊಮ್ಮೆ ಮತ್ತು ಬೇಸಿಗೆಯ ಪೈಂಕುನಿ ಉತ್ಸವದಲ್ಲೊಮ್ಮೆ, ಕೆಲವು ಗಂಟೆಗಳ ಕಾಲ ವಿಮಾನ ಸಂಚಾರ ನಿಲ್ಲಿಸಿ ರನ್‌ವೇಯ ಮೇಲೆ ಆನೆ, ಪಲ್ಲಕ್ಕಿ, ಪಂಜುಗಳು ಹಾದುಹೋಗಲು ದಾರಿ ಬಿಡಲಾಗುತ್ತದೆ. ವಿಮಾನವೂ ದೇವರೂ ಒಂದೇ ದಾರಿಯನ್ನು ಸರದಿಯ ಮೇಲೆ ಬಳಸುವ ಈ ಸಂಗತಿ ಯಾವ ವಯಸ್ಸಿನ ಮಗುವಿಗೂ ಕುತೂಹಲ ಹುಟ್ಟಿಸದಿರದು. ಇದೇ ದೇವಾಲಯದ ಪ್ರಧಾನ ಅರ್ಚಕರಾದ ನಂಬಿಯವರು ಕಾಸರಗೋಡಿನ ಚಂದ್ರಗಿರಿ ಹೊಳೆಯ ಎರಡೂ ದಂಡೆಗಳ ಕಡೆಯ ಮನೆತನಗಳಿಂದ ಬರುವ ಪದ್ಧತಿಯಿರುವುದನ್ನು ಕಾಸರಗೋಡು ಮೂಲದ ಕುಟುಂಬಗಳು ಮಕ್ಕಳಿಗೆ ಹೇಳಬಹುದು.

ಬಲಿಯ ಎರಡನೆಯ ಭೇಟಿ

ದೀಪಾವಳಿ ಮಲಯಾಳಿಗಳಿಗೆ ದೊಡ್ಡ ಹಬ್ಬವಲ್ಲದಿದ್ದರೂ, ಕೊಚ್ಚಿಯ ಕನ್ನಡ, ಕೊಂಕಣಿ, ತಮಿಳು ಮನೆಗಳಲ್ಲಿ ಅದು ಋತುವಿನ ಶಿಖರ. ಓಣಂನಲ್ಲಿ ಬಂದುಹೋದ ಮಹಾಬಲಿಯೇ ಬಲಿಪಾಡ್ಯಮಿಯಂದು ಬಲೀಂದ್ರನಾಗಿ ತುಳುನಾಡಿಗೆ ಮತ್ತೆ ಬರುತ್ತಾನೆ. ದಕ್ಷಿಣ ಕನ್ನಡ ಮತ್ತು ಕಾಸರಗೋಡುಗಳಲ್ಲಿ ಹಾಲೆ ಮರದ ಕೊಂಬೆಯನ್ನು ಅಂಗಳದಲ್ಲಿ ನೆಟ್ಟು, ಕಾಡುಹೂಗಳಿಂದ ಸಿಂಗರಿಸಿ, ದೀಪವಿಟ್ಟು, ಅವನನ್ನು ಹೆಸರು ಹಿಡಿದು ಕರೆದು ಕೊನೆಗೆ ಎಲ್ಲರೂ ಒಟ್ಟಾಗಿ ಕೂ ಹಾಕುತ್ತಾರೆ. ಗಟ್ಟಿಯಾಗಿ ಕೂಗುವುದೇ ವಿಧಿಯಾಗಿರುವ ಪೂಜೆಯನ್ನು ಮಕ್ಕಳು ಎಂದೂ ತಪ್ಪಿಸಿಕೊಳ್ಳುವುದಿಲ್ಲ. ಒಂದೇ ವರ್ಷದಲ್ಲಿ ಒಬ್ಬನೇ ರಾಜ ಹೂವಿಗೊಮ್ಮೆ, ದೀಪಕ್ಕೊಮ್ಮೆ ಬರುವುದೇಕೆಂದು ಕೇಳುವ ಮಗುವಿಗೆ, ಒಂದೇ ಕಥೆಯನ್ನು ಎರಡು ನಾಡುಗಳು ತಮ್ಮ ತಮ್ಮ ಬೆಳೆ, ಮಳೆ, ಪಂಚಾಂಗಗಳಿಗೆ ಹೊಂದಿಸಿಕೊಂಡ ಬಗೆಯನ್ನು ವಿವರಿಸಬಹುದು.

ಗೂಡುದೀಪ ಕಟ್ಟುವುದು ತುಲಾವರ್ಷದ ಸಂಜೆಗಳಿಗೆ ಸರಿಹೊಂದುವ ಕೆಲಸ. ಮಂಗಳೂರಿನ ಕಡೆ ಇದಕ್ಕೆ ಸ್ಪರ್ಧೆಗಳೇ ನಡೆಯುತ್ತವೆ. ಒಂದೇ ಅಳತೆಯ ಹನ್ನೆರಡು ಬಿದಿರು ಕಡ್ಡಿಗಳಲ್ಲಿ ನಾಲ್ಕನ್ನು ಚೌಕವಾಗಿ ಕಟ್ಟಿ, ಉಳಿದವುಗಳಲ್ಲಿ ನಾಲ್ಕನ್ನು ಮೇಲಕ್ಕೂ ನಾಲ್ಕನ್ನು ಕೆಳಕ್ಕೂ ಒಂದೊಂದು ತುದಿಯಲ್ಲಿ ಸೇರಿಸಿದರೆ ಎಂಟು ತ್ರಿಕೋನ ಮುಖಗಳ ಗೂಡು ಸಿದ್ಧವಾಗುತ್ತದೆ. ಮೈದಾ ಅಂಟಿನಿಂದ ಏಳು ಮುಖಗಳಿಗೆ ಬಣ್ಣದ ತೆಳು ಕಾಗದ ಹಚ್ಚಿ, ಒಂದನ್ನು ದೀಪ ಇಳಿಸಲು ಬಿಟ್ಟು, ಕೆಳ ತುದಿಗೆ ಕಾಗದದ ಬಾಲ ಅಂಟಿಸುತ್ತಾರೆ. ಎಣ್ಣೆದೀಪದ ಬದಲು ಸಣ್ಣ ಎಲ್‌ಇಡಿ ದೀಪವಿಟ್ಟರೆ ಬಾಲ್ಕನಿಯಲ್ಲಿ ಭಯವಿಲ್ಲ. ಬಿದಿರು ಸೀಳುವುದು ಹಿರಿಯರ ಪಾಲಿಗಿರಲಿ, ಗಂಟು ಹಾಕುವುದು ಹತ್ತರ ಪ್ರಾಯದವರಿಗೆ, ಅಂಟು ಹಚ್ಚುವುದು ಕಿರಿಯರಿಗೆ. ಪಟಾಕಿ ಹಚ್ಚುವವರು ಕೇರಳದಲ್ಲಿ ದೀಪಾವಳಿಯ ರಾತ್ರಿ 8ರಿಂದ 10ರವರೆಗಿನ ಸಮಯಮಿತಿಯನ್ನು ಗಮನಿಸಬೇಕು.

ಎರಡು ರಾಜ್ಯಗಳ ಒಂದೇ ಜನ್ಮದಿನ

1956ರ ನವೆಂಬರ್ 1ರಂದು ಕೇರಳ ಹುಟ್ಟಿತು. ಅದೇ ದಿನ ಕನ್ನಡ ಪ್ರದೇಶಗಳು ಒಂದಾಗಿ, 1973ರಲ್ಲಿ ಕರ್ನಾಟಕವೆಂದು ಹೆಸರಾದ ವಿಶಾಲ ಮೈಸೂರು ರಾಜ್ಯವೂ ಉದಯವಾಯಿತು. ಕಾಸರಗೋಡು ಕೇರಳಕ್ಕೂ ಪದ್ಮನಾಭಪುರವಿರುವ ಕನ್ಯಾಕುಮಾರಿ ಜಿಲ್ಲೆ ಮದರಾಸಿಗೂ ಸೇರಿದ್ದು ಆ ದಿನವೇ. ಹೀಗಾಗಿ ಕೇರಳದ ಕನ್ನಡ ಮಗು ಶಾಲೆಯಲ್ಲಿ ಕೇರಳಪ್ಪಿರವಿ ದಿನಕ್ಕೆ ಕಸವು ಎಂಬ ಜರಿಯಂಚಿನ ಉಡುಪು ತೊಟ್ಟು ಹೋಗಿ, ಸಂಜೆ ರಾಜ್ಯೋತ್ಸವಕ್ಕೆ ಹಳದಿ ಕೆಂಪು ಬಾವುಟ ಹಿಡಿಯುವ ಅಪರೂಪದ ಸ್ಥಿತಿಯಲ್ಲಿದೆ. ದೊಡ್ಡ ಕಾಗದದ ಮೇಲೆ ಎರಡೂ ರಾಜ್ಯಗಳ ಭೂಪಟ ಬಿಡಿಸಿ, ಚಂದ್ರಗಿರಿ, ಗುಂಡ್ಲುಪೇಟೆ, ಕೊಲ್ಲೂರು, ತೃಕ್ಕಾಕ್ಕರಗಳನ್ನು ಗುರುತಿಸಿ, ಆ ವರ್ಷ ತನ್ನ ಮನೆಗೆ ಹೂವು, ಗೊಂಬೆ, ನೆಂಟರು ಎಲ್ಲಿಂದ ಬಂದರೆಂದು ಗೆರೆ ಎಳೆದು ತೋರಿಸುವ ಕೆಲಸವನ್ನು ಆ ದಿನ ಮಗುವಿಗೆ ಕೊಡಬಹುದು.

ಎರಡು ವಾರದ ನಂತರ, ನವೆಂಬರ್ 14ರ ಮಕ್ಕಳ ದಿನದಂದು, ಕೇರಳ ರಾಜ್ಯ ಶಿಶುಕ್ಷೇಮ ಸಮಿತಿಯು ತಿರುವನಂತಪುರದಲ್ಲಿ ಮಕ್ಕಳ ಮೆರವಣಿಗೆಯನ್ನು ನಡೆಸುತ್ತದೆ. ಮಕ್ಕಳಲ್ಲೇ ಒಬ್ಬರನ್ನು ಮಕ್ಕಳ ಪ್ರಧಾನಮಂತ್ರಿಯಾಗಿ ಆರಿಸಿ, ಸಭೆಯನ್ನು ಉದ್ಘಾಟಿಸುವ ಕೆಲಸವನ್ನು ಅವರಿಗೇ ಒಪ್ಪಿಸಲಾಗುತ್ತದೆ. ಹಿರಿಯರು ಸಂಘಟಿಸಿದರೂ ವೇದಿಕೆಯನ್ನು ಮಕ್ಕಳಿಗೆ ಬಿಟ್ಟುಕೊಡುವ ಈ ಕ್ರಮ, ಮನೆಯ ಹಬ್ಬಗಳಿಗೂ ಅನ್ವಯಿಸಬೇಕಾದದ್ದು. ಪೂಕ್ಕಳಂ ಸ್ವಲ್ಪ ವಕ್ರವಾದರೂ, ಗೂಡುದೀಪದ ಕಾಗದ ಸುಕ್ಕಾದರೂ ತಿದ್ದಲು ಕೈ ಹಾಕದೆ ಬಿಡುವ ಸಂಯಮ ಹಿರಿಯರಲ್ಲಿದ್ದರೆ ಮಾತ್ರ ಕೆಲಸ ಮಗುವಿನದಾಗಿ ಉಳಿಯುತ್ತದೆ.

ಹಬ್ಬಗಳು ಮುಗಿದ ಮೇಲೆ ಒಂದು ಕೆಲಸ ಬಾಕಿಯಿರುತ್ತದೆ. ಒಣಗಿದ ಚೆಂಡುಹೂಗಳಿಂದ ಕಪ್ಪು ಕಡ್ಡಿಯಂಥ ಬೀಜಗಳನ್ನು ಬಿಡಿಸಿ, ತುಂಬೆಯ ಒಣ ತೆನೆಗಳನ್ನು ಕಾಗದದ ಮೇಲೆ ಉದುರಿಸಿ, ಹೆಸರು ಬರೆದ ಲಕೋಟೆಗಳಲ್ಲಿ ಮಕ್ಕಳು ಅವನ್ನು ಕಾದಿಟ್ಟರೆ, ಜೂನ್ ತಿಂಗಳ ಮಳೆಗೆ ಬಾಲ್ಕನಿಯ ಕುಂಡಗಳಲ್ಲಿ ಬಿತ್ತಬಹುದು. ಚೆಂಡುಹೂವಿಗೆ ಬಿತ್ತನೆಯಿಂದ ಹೂವಿಗೆ ಸುಮಾರು ಎರಡರಿಂದ ಎರಡೂವರೆ ತಿಂಗಳು ಬೇಕು. ಓಣಂ ಆಗಸ್ಟ್‌ನಲ್ಲಿ ಬೀಳುವುದೋ ಸೆಪ್ಟೆಂಬರ್‌ನಲ್ಲಿ ಬೀಳುವುದೋ ಎಂದು ಪಂಚಾಂಗ ನೋಡಿ ಬಿತ್ತುವ ದಿನವನ್ನು ಹಿಂದಕ್ಕೆ ಎಣಿಸುವ ಲೆಕ್ಕವನ್ನೂ ಮಕ್ಕಳೇ ಮಾಡಲಿ.